ಕ್ಯಾಸಿನೊ ಪಾಯಿಂಟ್‌ಗಳ ದುರುಪಯೋಗ: ಮೊದಲು ಲೆಕ್ಕ, ಆಮೇಲೆ ಕಾವಲು

ಶಿರಸಿಯ ನೀವು ಮುಂದಿನ ತಿಂಗಳು ಪಣಜಿಯ ಕ್ಯಾಸಿನೊ ಒಂದರ ಸದಸ್ಯತ್ವ ವಿಭಾಗಕ್ಕೆ ಸೇರಲಿದ್ದೀರಿ, ಆಟಗಾರರು ಬಹುಮಾನದ ಪಾಯಿಂಟ್‌ಗಳನ್ನು ಅಡ್ಡದಾರಿಯಲ್ಲಿ ಗಳಿಸದಂತೆ ತಡೆಯುವುದು ಹೇಗೆ ಎಂದು ಕೇಳಿದ್ದೀರಿ. ನಾನು ಕಾರವಾರದ ಕೋಡಿಬಾಗದವನು. ಮಾಂಡವಿ ನದಿಯಲ್ಲಿ ನಿಂತಿರುವ ಹಡಗೊಂದರಲ್ಲಿ ಒಂಬತ್ತು ವರ್ಷ ಇದೇ ಕೆಲಸ ಮಾಡಿ, ಈಗ ಊರಿಗೆ ಮರಳಿ ಲೆಕ್ಕಪತ್ರ ಬರೆಯುವ ಕೆಲಸದಲ್ಲಿದ್ದೇನೆ. ಸೇರಿದ ಹೊಸದರಲ್ಲಿ ನಾನೂ ಎಲ್ಲವನ್ನೂ ಕ್ಯಾಮೆರಾದ ಮೂಲಕವೇ ಹಿಡಿಯಬಹುದೆಂದು ನಂಬಿದ್ದೆ. ಆದರೆ ನಾನು ಕಂಡ ದುರುಪಯೋಗಗಳಲ್ಲಿ ಹೆಚ್ಚಿನವು ಆಟದ ಮೇಜಿನ ಮೇಲೆ ಹುಟ್ಟಿದವಲ್ಲ, ಕೊಡುಗೆಯನ್ನು ರೂಪಿಸಿದ ಕಚೇರಿಯಲ್ಲಿ, ಲೆಕ್ಕ ಹಾಕದೆ ಬರೆದ ಒಂದು ಸಾಲಿನಲ್ಲಿ ಹುಟ್ಟಿದವು.

ಲೆಕ್ಕ ಹೀಗಿದೆ. ಪ್ರತಿಯೊಂದು ಆಟದಲ್ಲಿಯೂ ಪಣದ ಮೊತ್ತದಲ್ಲಿ ಸರಾಸರಿ ಇಷ್ಟು ಭಾಗ ಕ್ಯಾಸಿನೊಕ್ಕೆ ಉಳಿಯುತ್ತದೆ ಎಂಬ ಪ್ರಮಾಣವಿದ್ದು, ಅದನ್ನು ಹೌಸ್ ಎಡ್ಜ್ ಎನ್ನುತ್ತಾರೆ. ಚಕ್ರ ತಿರುಗಿಸಿ ಆಡುವ, ಒಂದೇ ಸೊನ್ನೆಯ ರೂಲೆಟ್‌ನಲ್ಲಿ ಅದು ಶೇ. 2.70, ಬ್ಯಾಂಕರ್, ಪ್ಲೇಯರ್ ಎಂಬ ಎರಡು ಕಡೆಗಳಲ್ಲಿ ಒಂದರ ಮೇಲೆ ಪಣವಿಡುವ ಇಸ್ಪೀಟಾಟ ಬಕಾರಾದಲ್ಲಿ ಬ್ಯಾಂಕರ್ ಕಡೆಗೆ ಶೇ. 1.06, ಪ್ಲೇಯರ್ ಕಡೆಗೆ ಶೇ. 1.24. ಸರಾಸರಿ ಪಣ, ಗಂಟೆಗೆ ಎಷ್ಟು ಆಟ, ಎಷ್ಟು ಗಂಟೆ, ಹೌಸ್ ಎಡ್ಜ್ ಎಷ್ಟು ಎಂಬ ನಾಲ್ಕನ್ನೂ ಗುಣಿಸಿದರೆ ಆ ಆಟಗಾರನ ನಿರೀಕ್ಷಿತ ನಷ್ಟ ದೊರೆಯುತ್ತದೆ. ಊಟ, ಕೊಠಡಿ, ಪಾಯಿಂಟ್, ಉಚಿತ ಚಿಪ್ (ಹಣದ ಬದಲು ಪಣಕ್ಕಿಡುವ ಬಿಲ್ಲೆ) ಯಾವುದೇ ಆಗಲಿ, ಈ ನಿರೀಕ್ಷಿತ ನಷ್ಟದ ಒಂದು ಅಂಶವನ್ನಷ್ಟೇ ಹಿಂದಿರುಗಿಸಬೇಕು. ಆಡಿದ ಒಟ್ಟು ಮೊತ್ತದ ಮೇಲೆ ಪಾಯಿಂಟ್ ಕೊಡುವ ಯೋಜನೆ ನೋಡಲು ಸರಳವಾಗಿದ್ದರೂ ಅಪಾಯವೆಲ್ಲ ಅಲ್ಲಿಯೇ ಅಡಗಿದೆ.

ನಮ್ಮಲ್ಲಿ ನಡೆದುದನ್ನೇ ದುಂಡು ಅಂಕಿಗಳಲ್ಲಿ ಹೇಳುತ್ತೇನೆ. ಒಟ್ಟು ಮೊತ್ತಕ್ಕೆ ಶೇ. 0.5 ಪಾಯಿಂಟ್ ಕೊಡುತ್ತಿದ್ದ ಯೋಜನೆಯನ್ನು ಹಬ್ಬದ ವಾರಾಂತ್ಯಕ್ಕೆಂದು ಮೂರು ಪಟ್ಟು ಮಾಡಿದರು. ಇಬ್ಬರು ಪರಿಚಿತರು, ಪರಿಚಯವೇ ಇಲ್ಲದವರಂತೆ ಬಂದು ಒಂದೇ ಬಕಾರಾ ಮೇಜಿಗೆ ಕುಳಿತು, ಒಬ್ಬರು ಪ್ರತಿ ಸಲವೂ ಬ್ಯಾಂಕರ್ ಮೇಲೆ, ಇನ್ನೊಬ್ಬರು ಪ್ಲೇಯರ್ ಮೇಲೆ ತಲಾ 5,000 ರೂಪಾಯಿ ಇಟ್ಟರು. ಒಬ್ಬರು ಸೋತದ್ದನ್ನು ಇನ್ನೊಬ್ಬರು ಗೆಲ್ಲುತ್ತಿದ್ದುದರಿಂದ ಅವರ ಕೈಬಿಡುತ್ತಿದ್ದುದು ಬ್ಯಾಂಕರ್ ಗೆದ್ದಾಗ ಕಡಿತವಾಗುವ ಶೇ. 5ರ ಕಮಿಷನ್ ಮಾತ್ರ, ಅಂದರೆ ಒಂದು ಆಟಕ್ಕೆ ಸರಾಸರಿ 115 ರೂಪಾಯಿ. ಗಂಟೆಗೆ 70 ಆಟಗಳಂತೆ ನಾಲ್ಕು ಗಂಟೆಗೆ 280 ಆಟಗಳಾಗಿ, ಇಬ್ಬರಿಗೂ ಸೇರಿ ನಷ್ಟ ಸುಮಾರು 32,000 ರೂಪಾಯಿ. ಆದರೆ ಅವರು ಆಡಿದ ಒಟ್ಟು ಮೊತ್ತ 28 ಲಕ್ಷ, ಅದರ ಶೇ. 1.5 ಎಂದರೆ 42,000 ರೂಪಾಯಿಯ ಪಾಯಿಂಟ್. ಮಾಮೂಲಿ ದರವಿದ್ದಿದ್ದರೆ ಅವರಿಗೆ ಸಿಗುತ್ತಿದ್ದುದು 14,000 ಮಾತ್ರ, ಆಗ ಈ ಉಪಾಯವೇ ನಷ್ಟದ್ದು. ಅವರನ್ನು ಹಿಡಿಯುವುದಕ್ಕೆ ನಮಗೆ ಎರಡು ದಿನ ಬೇಕಾಯಿತು. ಕೊಡುಗೆಯನ್ನು ಪ್ರಕಟಿಸುವ ಮೊದಲು ಕಾಗದದ ಮೇಲೆ ಗುಣಿಸಿ ನೋಡುವುದಕ್ಕೆ ಹತ್ತು ನಿಮಿಷ ಸಾಕಾಗುತ್ತಿತ್ತು.

ಸೋಲಿನ ಒಂದು ಪಾಲನ್ನು ಹಿಂದಿರುಗಿಸುವ ಕೊಡುಗೆಯಲ್ಲಿ ಇದೇ ಜೋಡಿಯಾಟ ಇನ್ನೂ ಹಗುರವಾಗಿ ನಡೆಯುತ್ತದೆ, ಏಕೆಂದರೆ ಸೋತವನು ಕೌಂಟರಿಗೆ ಬಂದು ತನ್ನ ಪಾಲನ್ನು ಕೇಳುತ್ತಾನೆ, ಗೆದ್ದವನು ಸುಮ್ಮನೆ ಹೊರಟುಹೋಗುತ್ತಾನೆ. ಒಬ್ಬನೇ ಬಂದವನೂ ಚಿಪ್‌ಗಳನ್ನು ಜೇಬಿಗಿಳಿಸಿ, ಸೋತಂತೆ ತೋರಿಸಿಕೊಳ್ಳುವುದುಂಟು. ಆದ್ದರಿಂದ ಅಂತಹ ಕೊಡುಗೆ ಒಂದು ಸಂಜೆಯ ಸೋಲಿಗಲ್ಲ, ಹಲವು ಭೇಟಿಗಳ ಒಟ್ಟು ಫಲಕ್ಕೆ ಅನ್ವಯಿಸಬೇಕು. ಖರೀದಿಸಿದ ಚಿಪ್‌ಗಳಿಗೂ ನಗದಾದ ಚಿಪ್‌ಗಳಿಗೂ ತಾಳೆಯಾಗದೆ ಅದನ್ನು ಪಾವತಿಸಬಾರದು. ಅಮೆರಿಕದ ಡಾನ್ ಜಾನ್ಸನ್ ಎಂಬ ಆಟಗಾರ ದೊಡ್ಡ ಸೋಲಿಗೆ ಶೇ. 20 ರಿಯಾಯಿತಿ ಸಿಗುವಂತೆ, ಬ್ಲ್ಯಾಕ್‌ಜಾಕ್‌ನ ನಿಯಮಗಳೂ ತನಗೆ ಅನುಕೂಲವಾಗುವಂತೆ ಮಾತಾಡಿಕೊಂಡು, 2010-11ರಲ್ಲಿ ಅಟ್ಲಾಂಟಿಕ್ ಸಿಟಿಯ ಮೂರು ಕ್ಯಾಸಿನೊಗಳಿಂದ ಸುಮಾರು 1.5 ಕೋಟಿ ಡಾಲರ್ ಗೆದ್ದುದು ಜಗತ್ತಿಗೇ ಗೊತ್ತಿರುವ ಸಂಗತಿ. ಅದನ್ನು ನಾನು ದುರುಪಯೋಗ ಎನ್ನುವುದಿಲ್ಲ. ಆತ ಕೇಳಿದ, ಅವರು ಒಪ್ಪಿದರು. ನಿಮ್ಮ ಮೇಲಧಿಕಾರಿಗಳು ಮುಂದೊಂದು ದಿನ ನಿಯಮದೊಳಗೇ ಆಡಿದವನನ್ನು ಕಳ್ಳನೆಂದು ಬರೆಯಲು ಹೇಳಿದರೆ ದಯವಿಟ್ಟು ಈ ವ್ಯತ್ಯಾಸವನ್ನು ನೆನಪಿಡಿ: ನಿಯಮದ ದೋಷವನ್ನು ಬಳಸಿಕೊಂಡವನಿಗೆ ನಿಯಮವನ್ನು ಬದಲಿಸುವುದೇ ಉತ್ತರ, ಗಳಿಸಿದ ಪಾಯಿಂಟ್‌ಗಳನ್ನು ಕಿತ್ತುಕೊಳ್ಳುವುದಲ್ಲ. ಸುಳ್ಳು ಹೆಸರು, ಬಚ್ಚಿಟ್ಟ ಚಿಪ್, ಬೇರೆಯವರ ಸದಸ್ಯತ್ವದ ಕಾರ್ಡು, ಇವು ವಂಚನೆ.

ಸ್ಲಾಟ್ ಯಂತ್ರದಲ್ಲಿ ಪ್ರತಿ ಪಣವನ್ನೂ ಯಂತ್ರವೇ ಎಣಿಸುತ್ತದೆ, ಅಲ್ಲಿ ನಿಮಗೆ ಕಷ್ಟ ಕಡಿಮೆ. ಮೇಜಿನ ಆಟದಲ್ಲಿ ಸರಾಸರಿ ಪಣವನ್ನು ಬರೆದುಕೊಳ್ಳುವವನು ಮನುಷ್ಯ. ಮೇಲ್ವಿಚಾರಕ ಹತ್ತಿರ ಬಂದಾಗ 10,000 ಇಟ್ಟು, ಆತ ಬೆನ್ನು ತಿರುಗಿಸಿದಾಗ 1,000ಕ್ಕೆ ಇಳಿಯುವ ಆಟಗಾರರು ಎಲ್ಲ ಕಡೆಯೂ ಇದ್ದಾರೆ. ನೀವು ಅಡಿಕೆಯ ಊರಿನವರು. ಚೀಲದ ಬಾಯಲ್ಲಿ ಒಳ್ಳೆಯ ಚಾಲಿ, ಅಡಿಯಲ್ಲಿ ಹಾಳು ಅಡಿಕೆ ತುಂಬಿ ತರುವವರ ವಿಷಯ ನಿಮಗೆ ಹೇಳಬೇಕಾಗಿಲ್ಲ. ಚೀಲವನ್ನು ಸುರಿದು ನೋಡುವಂತೆ ಇಲ್ಲಿಯೂ ಮೊದಲ ಪಣವನ್ನಷ್ಟೇ ಬರೆದು ಬಿಡದೆ, ನಿಗದಿಯಿಲ್ಲದ ಹೊತ್ತಿನಲ್ಲಿ ಹಲವು ಸಲ ಗುರುತು ಹಾಕಿಸಬೇಕು; ವಾರಕ್ಕೆ ಕೆಲವರ ದಾಖಲೆಯನ್ನು ಆರಿಸಿ ಕ್ಯಾಮೆರಾದ ಚಿತ್ರದೊಂದಿಗೆ ಹೋಲಿಸಬೇಕು. ಎದ್ದು ಹೋದವನ ಸಮಯವನ್ನು ನಿಲ್ಲಿಸಲು ಮರೆಯುವುದು ನಾನು ಅತಿ ಹೆಚ್ಚು ಕಂಡ ತಪ್ಪು, ಅದರಲ್ಲಿ ಆಟಗಾರನ ಪಾತ್ರವೇನೂ ಇಲ್ಲ.

ಒಳಗಿನವರ ಕೈವಾಡದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಕಾರ್ಡಿಲ್ಲದೆ ಆಡುವ ಪ್ರವಾಸಿಗರು ಬಹಳ ಮಂದಿ. ಅವರ ಆಟದ ಪಾಯಿಂಟ್‌ಗಳು ಯಾರಿಗೂ ಸೇರದೆ ಹೋಗಬೇಕು, ಆದರೆ ನಮ್ಮಲ್ಲಿ ಒಂದು ಖಾತೆಗೆ ಅವು ತಿಂಗಳುಗಟ್ಟಲೆ ಸೇರುತ್ತಿದ್ದವು. ಆ ಖಾತೆಯ ಪಾಯಿಂಟ್‌ಗಳೆಲ್ಲ ಪಾಳಿ ಮುಗಿಯುವ ಹೊತ್ತಿಗೇ, ಒಬ್ಬನೇ ನೌಕರನ ಲಾಗಿನ್‌ನಿಂದಲೇ ಏರಿದ್ದವು. ಖಾತೆದಾರ ಹಡಗು ಹತ್ತಿದ ದಾಖಲೆ ಒಂದೂ ಇರಲಿಲ್ಲ. ಅಂದಿನಿಂದ ಕೈಯಿಂದ ಪಾಯಿಂಟ್ ಸೇರಿಸುವ ಯಾವುದೇ ನಮೂದಿಗೆ ಇಬ್ಬರ ಒಪ್ಪಿಗೆ ಕಡ್ಡಾಯವಾಯಿತು, ಪ್ರವೇಶದ ದಾಖಲೆಯಿಲ್ಲದ ದಿನ ಪಾಯಿಂಟ್ ಪಡೆದ ಖಾತೆಗಳ ಪಟ್ಟಿ ಪ್ರತಿ ಬೆಳಿಗ್ಗೆ ಮೇಜಿಗೆ ಬರತೊಡಗಿತು. ಒಬ್ಬರಿಗೆ ಒಂದೇ ಖಾತೆ ಎಂಬುದನ್ನು ಗುರುತಿನ ಚೀಟಿ, ಭಾವಚಿತ್ರ, ಫೋನ್ ಸಂಖ್ಯೆಗಳ ಹೋಲಿಕೆಯಿಂದ ನೋಡಿಕೊಳ್ಳಬೇಕು. ನಮ್ಮ ದೇಶದ ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆಯಡಿ ಕ್ಯಾಸಿನೊಗಳು ಗ್ರಾಹಕರ ಗುರುತನ್ನು ಹೇಗೂ ಪರಿಶೀಲಿಸಬೇಕಾಗಿರುವುದರಿಂದ ಇದು ಹೊಸ ಹೊರೆಯಲ್ಲ.

ಬೇರೆಯವರ ಕಾರ್ಡಿನ ವಿಷಯವನ್ನು ಕೊನೆಗೆ ಉಳಿಸಿಕೊಂಡೆ, ಏಕೆಂದರೆ ಅದು ನನ್ನನ್ನು ಇಂದಿಗೂ ಬಾಧಿಸುತ್ತದೆ. ಗಂಡಹೆಂಡಿರು ಒಂದೇ ಕಾರ್ಡಿನಲ್ಲಿ ಆಡಿ ಸದಸ್ಯತ್ವದ ಮೇಲಿನ ದರ್ಜೆಗೇರುವುದನ್ನು ನಾವು ಸಣ್ಣ ತಪ್ಪೆಂದು ಬಿಟ್ಟುಬಿಡುತ್ತಿದ್ದೆವು. ಆದರೆ ತನ್ನನ್ನು ಒಳಗೆ ಬಿಡಬೇಡಿ ಎಂದು ತಾನೇ ಬರೆದುಕೊಟ್ಟಿದ್ದ ನಮ್ಮ ಕರಾವಳಿಯ ಒಬ್ಬ ಯುವಕ ಗೆಳೆಯನ ಕಾರ್ಡಿನಲ್ಲಿ ಐದು ತಿಂಗಳು ಆಡಿದ, ಮತ್ತು ನಾವು ಆ ಕಾರ್ಡಿಗೆ ಪ್ರತಿ ಶುಕ್ರವಾರ ಉಚಿತ ಚಿಪ್‌ಗಳ ಸಂದೇಶ ಕಳುಹಿಸುತ್ತಲೇ ಇದ್ದೆವು. ಶನಿವಾರ ಸಂಜೆ ಮಾಜಾಳಿ ದಾಟಿ ಗೋವಾದತ್ತ ಹೋಗುವ ಕಾರುಗಳನ್ನು ಕಂಡಾಗ ಅವನ ನೆನಪಾಗುತ್ತದೆ. ಪ್ರವೇಶದ್ವಾರದಲ್ಲಿಯೂ, ಪಾಯಿಂಟ್ ಬಳಸುವ ಕೌಂಟರಿನಲ್ಲಿಯೂ ಕಾರ್ಡಿನ ಭಾವಚಿತ್ರವನ್ನು ಮುಖದೊಂದಿಗೆ ಹೋಲಿಸುವ ನಿಯಮವನ್ನು ನೀವು ಒಂದು ದಿನವೂ ಸಡಿಲಿಸಬೇಡಿ. ಹೊರಗುಳಿಯಲು ಕೇಳಿಕೊಂಡವರ ಪಟ್ಟಿಯನ್ನು ಸಂದೇಶ ಕಳುಹಿಸುವ ಪಟ್ಟಿಯಿಂದ ಅದೇ ದಿನ ತೆಗೆಸಿ.

ಕೆಲಸಕ್ಕೆ ಸೇರಿದ ಮೊದಲ ವಾರದಲ್ಲಿಯೇ ಮುಂದಿನ ಮೂರು ತಿಂಗಳ ಕೊಡುಗೆಗಳ ಕ್ಯಾಲೆಂಡರನ್ನು ಕೇಳಿ ಪಡೆಯಿರಿ. ಪ್ರತಿಯೊಂದರ ಎದುರಿಗೂ, ಇಬ್ಬರು ಎದುರುಬದುರಾಗಿ ಆಡಿದರೆ ಅವರಿಗಾಗುವ ನಷ್ಟವೆಷ್ಟು, ನಾವು ಕೊಡುವುದೆಷ್ಟು ಎಂಬ ಎರಡು ಅಂಕಿಗಳನ್ನು ಬರೆದು, ಎರಡನೆಯದು ಹೆಚ್ಚಾಗಿರುವ ಸಾಲುಗಳನ್ನು ಕೆಂಪು ಶಾಯಿಯಲ್ಲಿ ಗುರುತಿಸಿ ಮೇಲಧಿಕಾರಿಯ ಸಹಿಗೆ ಕಳುಹಿಸಿರಿ.