25 ಮೀಟರ್ ಗರ್ಡರ್: ಎಲಾಂಗೇಷನ್ ಕಡಿಮೆ ಬಂದರೆ ಗ್ರೌಟ್ ಮಾಡಬಹುದೇ?

ಸಕಲೇಶಪುರದ ಹತ್ತಿರ ಸೇತುವೆ ಕೆಲಸದಲ್ಲಿ, ಕಾಂಕ್ರೀಟ್ ಗರ್ಡರ್ (ತೊಲೆ) ಒಳಗಿನ ಉಕ್ಕಿನ ಕೇಬಲ್ ಎಳೆಯುವಾಗ ಜ್ಯಾಕ್ ಪ್ರೆಶರ್ ಪೂರ್ತಿ ಬಂದರೂ ಕೇಬಲ್ ಎಲಾಂಗೇಷನ್ (ಉದ್ದ ಹಿಗ್ಗುವುದು) ಲೆಕ್ಕಕ್ಕಿಂತ ಶೇ. 8 ಕಡಿಮೆ ಅಂದಿದ್ದೀರಿ. ದಯವಿಟ್ಟು ಈಗಲೇ ಗ್ರೌಟ್ (ಕೇಬಲ್ ಕೊಳವೆಗೆ ಸಿಮೆಂಟ್ ಗಾರೆ ತುಂಬುವುದು) ಮಾಡಬೇಡಿ, ಮಾಡಿದ ಮೇಲೆ ಆ ಕೇಬಲ್ ಮುಟ್ಟುವ ಹಾಗಿಲ್ಲ. ಶೇ. 5ರ ವ್ಯತ್ಯಾಸ ದಾಟಿದರೆ ಡಿಸೈನರ್‌ಗೆ ತಿಳಿಸಲೇಬೇಕು.

ಕೇಬಲ್‌ನ ಸರಾಸರಿ ಒತ್ತಡ (ಸ್ಟ್ರೆಸ್) 1250 ಎಂಪಿಎ, ಸ್ಟ್ರಾಂಡ್‌ನ (ಕೇಬಲ್‌ನ ಉಕ್ಕಿನ ಹುರಿ) ಇ ಮೌಲ್ಯ, ಅಂದರೆ ಹಿಗ್ಗದಂತೆ ತಡೆಯುವ ಬಿಗಿತ, 195 ಜಿಪಿಎ ಹಿಡಿದರೆ ಲೆಕ್ಕದ ಎಲಾಂಗೇಷನ್ ಸುಮಾರು 160 ಮಿ.ಮೀ. ನಿಮ್ಮ ಕೊರತೆ ಹತ್ತಿರ ಹತ್ತಿರ 13 ಮಿ.ಮೀ. ಮೊದಲು ಸ್ಟ್ರಾಂಡ್ ಕಾಯಿಲ್ (ಸುರುಳಿ) ಸರ್ಟಿಫಿಕೇಟ್‌ನ ಇ ಮೌಲ್ಯ ಹಾಕಿ ಮರುಲೆಕ್ಕ ಮಾಡಿ. ಗೇಜ್ ಕ್ಯಾಲಿಬ್ರೇಷನ್, ಆರಂಭದ ಸಡಿಲಿನ ತಿದ್ದುಪಡಿ ಎರಡನ್ನೂ ನೋಡಿ. ಅವೆಲ್ಲ ಸರಿಯಿದ್ದರೆ ಘರ್ಷಣೆಯೇ ಕಾರಣ ಇರಬೇಕು. ಡಿಸೈನ್‌ನಲ್ಲಿ ಎಚ್‌ಡಿಪಿಇ (ಪ್ಲಾಸ್ಟಿಕ್) ಡಕ್ಟ್‌ಗೆ, ಅಂದರೆ ಕೇಬಲ್ ಹಾಯುವ ಕೊಳವೆಗೆ, ಘರ್ಷಣಾಂಕ 0.17 ಹಿಡಿದು, ಸೈಟಿನಲ್ಲಿ ಲೋಹದ ಡಕ್ಟ್ ಹಾಕಿದ್ದರೆ ಅದು 0.25ರಷ್ಟಾಗಬಹುದು. ಮಲೆನಾಡಿನ ಮಳೆಗೆ ತುಕ್ಕು ಹಿಡಿದಿದ್ದರೆ, ಜೋಡಣೆಯಲ್ಲಿ ಸಿಮೆಂಟ್ ಹಾಲು ಒಳಗಿಳಿದಿದ್ದರೆ ಇನ್ನೂ ಜಾಸ್ತಿ.

ಹಾಗಾದಾಗ ನಡುವಿನಲ್ಲಿ ಬಲ ಕಡಿಮೆಯಾಗಿ, ಅತಿ ಹೆಚ್ಚು ಮೊಮೆಂಟ್ (ಬಾಗಿಸುವ ಪರಿಣಾಮ) ಇರುವ ಜಾಗದಲ್ಲೇ ಗರ್ಡರ್‌ನ ಕೆಳಮುಖದಲ್ಲಿ ಸೆಳೆತ ಬರಬಹುದು. ಅಂಕಿ ಸರಿಹೊಂದಿಸಲು ಪ್ರೆಶರ್ ಏರಿಸಬೇಡಿ. ಪ್ರೂಫ್ ಸ್ಟ್ರೆಸ್‌ನ (ಉಕ್ಕು ಶಾಶ್ವತವಾಗಿ ಹಿಗ್ಗಲು ಶುರುವಾಗುವ ಒತ್ತಡ) ಮಿತಿ ದಾಟಿದರೆ ಸ್ಟ್ರಾಂಡೇ ಹೋದೀತು.