ಬಡವನ ವಕೀಲನಿಗೆ ನಮ್ಮ ತೆರಿಗೆ ಯಾಕೆ?

ಅಮೆರಿಕದಲ್ಲಿ ನೆಲೆಸಿರುವ ಓದುಗರೊಬ್ಬರು ಸಿಟ್ಟಿನಿಂದ ಬರೆದಿದ್ದಾರೆ: "ಇಲ್ಲಿ ಬಡ ಆರೋಪಿಗಳ ವಕೀಲರಿಗೆ ನಮ್ಮ ಕೌಂಟಿಯೇ (ಊರಿನ ಜಿಲ್ಲಾಡಳಿತದಂಥದ್ದು) ದುಡ್ಡು ಕೊಡುತ್ತದೆ. ಕಳ್ಳತನ ಮಾಡಿದವನ ಪರ ವಾದಿಸಲು ನನ್ನ ತೆರಿಗೆ ಯಾಕೆ?"

ನಿಮ್ಮ ಸಂಕಟ ಸುಳ್ಳಲ್ಲ. ರಸ್ತೆಗೂ ಆರೋಗ್ಯಕ್ಕೂ ಕೌಂಟಿಯ ಕೈಯಲ್ಲಿರುವುದು ಅದೇ ದುಡ್ಡು. ಆದರೆ "ಕಳ್ಳತನ ಮಾಡಿದವನು" ಎಂದು ಬರೆದಿರಲ್ಲ, ನನ್ನ ತಕರಾರು ಅಲ್ಲಿಂದಲೇ ಶುರು. ಮಾಡಿದನೋ ಇಲ್ಲವೋ ಎಂದು ತಿಳಿಯುವುದಕ್ಕೇ ಅಲ್ವಾ ವಿಚಾರಣೆ?

ಕ್ಲಾರೆನ್ಸ್ ಗಿಡಿಯನ್ ಎಂಬ ಬಡವನನ್ನು 1961ರಲ್ಲಿ ಫ್ಲಾರಿಡಾದ ಪನಾಮಾ ಸಿಟಿಯಲ್ಲಿ ಹಿಡಿದರು. ಪೂಲ್ ಎಂಬ ಬಿಲಿಯರ್ಡ್ಸ್‌ನಂಥ ಆಟ ಆಡುವ ಜಾಗಕ್ಕೆ ನುಗ್ಗಿ ಕದ್ದ ಎಂಬ ಆರೋಪ. ನನಗೊಬ್ಬ ವಕೀಲ ಬೇಕು ಎಂದು ಕೇಳಿದ. ಮರಣದಂಡನೆಯ ಕೇಸಾದರೆ ಮಾತ್ರ ಕೊಡುತ್ತೇವೆ ಎಂದರು. ಸಾಕ್ಷಿಗಳನ್ನು ತಾನೇ ಪ್ರಶ್ನಿಸಿದ, ಸೋತ. ಐದು ವರ್ಷ ಜೈಲಾಯಿತು. ಅಲ್ಲಿಂದಲೇ ಪೆನ್ಸಿಲ್‌ನಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಬರೆದ. 1963ರಲ್ಲಿ ಒಂಬತ್ತೂ ನ್ಯಾಯಮೂರ್ತಿಗಳು ಅವನ ಪರ ನಿಂತರು, ಇಂಥ ಕೇಸಿನ ಬಡ ಆರೋಪಿಗೆ ವಕೀಲನನ್ನು ಒದಗಿಸಲೇಬೇಕು ಎಂದರು. ಮರುವಿಚಾರಣೆಯಲ್ಲಿ ವಕೀಲರೊಬ್ಬರು ಮುಖ್ಯ ಸಾಕ್ಷಿಯನ್ನು ಕೆದಕಿ ಕೆದಕಿ ಕೇಳಿದರು. ತೀರ್ಪು ಕೊಡಲು ಕೂತ ಸಾಮಾನ್ಯ ಜನರ ತಂಡ, ಅಂದರೆ ಜ್ಯೂರಿ, ಸುಮಾರು ಒಂದು ಗಂಟೆಯಲ್ಲಿ ನಿರ್ದೋಷಿ ಎಂದಿತು. ಆರೋಪಿ ಅವನೇ, ಆರೋಪ ಅದೇ. ಪಕ್ಕದಲ್ಲಿ ಈ ಸಲ ಒಬ್ಬ ವಕೀಲ ಇದ್ದರು, ಅಷ್ಟೇ.

ನಾನು ಒಮ್ಮೆ ಸಣ್ಣದೊಂದು ವ್ಯಾಜ್ಯಕ್ಕೆ ಕೋರ್ಟಿನಲ್ಲಿ ನಿಂತಿದ್ದೆ. ಜೀವನವಿಡೀ ಓದಿ ಬರೆದವನಿಗೆ ಅಂದು ನಾಲಿಗೆ ಒಣಗಿ ಮಾತೇ ಹೊರಡಲಿಲ್ಲ. ಗಿಡಿಯನ್ ಕಥೆ ಓದುವಾಗಲೆಲ್ಲ ಆ ದಿನ ನೆನಪಾಗುತ್ತದೆ.

ವಕೀಲ ಬೇಕು ಎಂದ ಕೋರ್ಟು, ದುಡ್ಡು ಯಾರ ಗಂಟಿನಿಂದ ಎಂದು ಹೇಳಲಿಲ್ಲ. ಕೊಲರಾಡೊದಂಥ ಕಡೆ ರಾಜ್ಯವೇ ಹೊರುತ್ತದೆ. ಪೆನ್ಸಿಲ್ವೇನಿಯಾ 2023ರವರೆಗೂ ಎಲ್ಲವನ್ನೂ ಕೌಂಟಿಗಳ ತಲೆಗೇ ಕಟ್ಟಿತ್ತು. ಹೀಗಾದಾಗ ಬಡವರು ಜಾಸ್ತಿ ಇರುವ ಕೌಂಟಿಯಲ್ಲಿ ಕೇಸೂ ಜಾಸ್ತಿ, ತೆರಿಗೆ ಮಾತ್ರ ಕಮ್ಮಿ. ರಾಜ್ಯ ಕೈಕೊಟ್ಟಿದೆ ಎಂದು ನೀವು ಬರೆದಿದ್ದರೆ ನಾನೂ ನಿಮ್ಮ ಜೊತೆ ಕೂಗುತ್ತಿದ್ದೆ.

ಈ ಖರ್ಚು ನಿನ್ನೆ ಮೊನ್ನೆಯದು ಎಂದುಕೊಳ್ಳಬೇಡಿ. ಬಡವನ ಪರ ನೇಮಿಸಿದ ವಕೀಲನಿಗೆ ಕೌಂಟಿ ಹಣ ಕೊಡಲೇಬೇಕು ಎಂದು ವಿಸ್ಕಾನ್ಸಿನ್ ಸುಪ್ರೀಂ ಕೋರ್ಟು 1859ರಲ್ಲೇ ಹೇಳಿತ್ತು. ಬಡ ಆರೋಪಿಗಳ ಪರ ವಾದಿಸಲೆಂದೇ ಸರ್ಕಾರ ಸಂಬಳ ಕೊಡುವ ವಕೀಲರು ಇರಲಿ ಎಂದು ಕ್ಲಾರಾ ಫೋಲ್ಟ್ಸ್ ಎಂಬ ವಕೀಲೆ 1893ರಲ್ಲಿ ಷಿಕಾಗೋದಲ್ಲಿ ವಾದಿಸಿದರು. ಲಾಸ್ ಏಂಜಲೀಸ್ ಕೌಂಟಿ 1914ರಲ್ಲಿ ಅಂಥ ಕಚೇರಿ ತೆರೆಯಿತು.

ನನಗೆ ನಿಜವಾಗಿ ಹೊಟ್ಟೆ ಉರಿಯುವುದು ಲೂಯಿಸಿಯಾನದ ಪದ್ಧತಿ ಕಂಡು. ಅಲ್ಲಿ ಬಡವರ ವಕೀಲರ ಕಚೇರಿ ಬಹಳ ಕಾಲ ಟ್ರಾಫಿಕ್ ದಂಡ, ಕೋರ್ಟು ಶುಲ್ಕಗಳನ್ನೇ ನೆಚ್ಚಿಕೊಂಡಿತ್ತು. 2005ರಲ್ಲಿ ಕತ್ರಿನಾ ಚಂಡಮಾರುತ ಬಂತು. ನ್ಯೂ ಆರ್ಲಿಯನ್ಸ್ ಮುಳುಗಿತು, ದಂಡ ಕಟ್ಟುವವರೂ ಇಲ್ಲವಾದರು. ಹೆಚ್ಚಿನ ವಕೀಲರನ್ನು ಮನೆಗೆ ಕಳಿಸಿದರು. ಜೈಲಿನಲ್ಲಿದ್ದವರು ಮಾತ್ರ ವಕೀಲರ ಮುಖ ಕಾಣದೆ ಅಲ್ಲೇ ಉಳಿದರು. ಪೊಲೀಸರ ಸಂಬಳವನ್ನು ಹೀಗೆ ದಂಡದ ಹುಂಡಿಗೆ ಬಿಡಲು ಯಾರಾದರೂ ಒಪ್ಪುತ್ತಾರಾ?

ನಿಮ್ಮ ತೆರಿಗೆಯಿಂದ ಪೊಲೀಸರಿಗೆ, ಜೈಲಿಗೆ, ಆರೋಪ ಹೊರಿಸುವ ವಕೀಲರಿಗೂ ದುಡ್ಡು ಹೋಗುತ್ತದೆ. ಅದರ ಬಗ್ಗೆ ಪತ್ರದಲ್ಲಿ ಒಂದು ಸಾಲೂ ಇಲ್ಲ. ಮುಂದಿನ ಬಜೆಟ್ ಸಭೆಗೆ ಹೋಗಿ ಬನ್ನಿ. ಆರೋಪ ಹೊರಿಸುವವರಿಗೆ ಎಷ್ಟು, ಬಡವರ ಪರ ನಿಲ್ಲುವವರಿಗೆ ಎಷ್ಟು ಎಂದು ಕೇಳಿ. ಆ ಎರಡು ಅಂಕಿಗಳನ್ನು ನನಗೆ ಬರೆದು ಕಳಿಸಿ, ಇದೇ ಪುಟದಲ್ಲಿ ಅಚ್ಚು ಹಾಕುತ್ತೇನೆ.