ಎರಡು ಮನೆಗಳ ಮಾದರಿ ರೈಲು ಲೇಔಟ್‌ಗಳ ನಡುವೆ ಗೂಡ್ಸ್ ವ್ಯಾಗನ್‌ಗಳನ್ನು ಓಡಿಸಲು ಯಾವ ಸಾಫ್ಟ್‌ವೇರ್ ಒಳ್ಳೆಯದು?

ಸಾಫ್ಟ್‌ವೇರ್ ಬೇಡ, ಸದ್ಯಕ್ಕಂತೂ ಬೇಡ. ನಿಮ್ಮ 120 ವ್ಯಾಗನ್, ಗೆಳೆಯರ 80, ಎರಡು ಮನೆಯ ಎರಡು ಲೇಔಟ್, ನಡುವೆ ಹೊತ್ತು ಒಯ್ಯುವ ಪೆಟ್ಟಿಗೆ ಎಂದು ಬರೆದಿದ್ದೀರಿ. ಓದುತ್ತಿದ್ದಂತೆ ನನ್ನದೇ ಹಳೆಯ ಕಥೆ ಎನಿಸಿತು. ನಾನೂ ಮೊದಲು ಕೇಳಿದ್ದು ಯಾವ ಪ್ರೋಗ್ರಾಂ ಎಂದೇ. ಕೇಳಬೇಕಾಗಿದ್ದ ಪ್ರಶ್ನೆ ಬೇರೆ ಇತ್ತು: ನನ್ನ ವ್ಯಾಗನ್ ಗೆಳೆಯನ ಲೇಔಟಿನಲ್ಲಿ ಯಾವ ಕಟ್ಟಡದ ಬಾಗಿಲ ಮುಂದೆ ನಿಲ್ಲಬೇಕು?

ನಮ್ಮಿಬ್ಬರದೂ ಎಚ್‌ಒ ಅಳತೆ, ಅಂದರೆ 1:87. ನನ್ನದು ಗೋಡೆಗುಂಟ ಸಾಗುವ ಕವಲು ಮಾರ್ಗ, ತುದಿಯಲ್ಲಿ ಒಂದು ಕಾಗದದ ಗಿರಣಿ. ಗೆಳೆಯನದು ಒಂದು ಪಟ್ಟಣ: ಮುದ್ರಣಾಲಯ, ಎಣ್ಣೆ ಡಿಪೊ, ಧಾನ್ಯದ ಉಗ್ರಾಣ. ನನ್ನಲ್ಲಿ ಕಾಗದ ತಯಾರಾಗುತ್ತದೆ, ಅವನಿಗೆ ಕಾಗದ ಬೇಕು. ಅವನ ಡಿಪೊದಿಂದ ನನ್ನ ಗಿರಣಿಯ ಬಾಯ್ಲರಿಗೆ ಎಣ್ಣೆ ಬರಬಹುದು. ಇದಕ್ಕಿಂತ ಒಳ್ಳೆಯ ಜೋಡಿ ಎಲ್ಲಿ ಸಿಗುತ್ತದೆ? ಎರಡೂ ಲೇಔಟಿನ ಅಂಚಿನಲ್ಲಿ 8 ವ್ಯಾಗನ್ ಹಿಡಿಸುವ ಒಂದೊಂದು ಹಳಿಯನ್ನು ಇಂಟರ್‌ಚೇಂಜ್ ಎಂದು ಗೊತ್ತುಮಾಡಿದೆವು. ಒಂದು ರೈಲ್ವೆ ಇನ್ನೊಂದು ರೈಲ್ವೆಗೆ ವ್ಯಾಗನ್ ಒಪ್ಪಿಸುವ ಜಾಗ ಅದು. ನನ್ನಲ್ಲಿ ಓಟ ಮುಗಿದ ಮೇಲೆ ಆ ಹಳಿಯಲ್ಲಿ ನಿಂತ ವ್ಯಾಗನ್‌ಗಳು ಸ್ಪಂಜಿನ ಗೂಡುಗಳಿರುವ ಪೆಟ್ಟಿಗೆ ಸೇರುತ್ತಿದ್ದವು, ಕಾರ್ಡುಗಳೂ ಜೊತೆಗೆ. ಅವನು ಅದೇ ಸರದಿಯಲ್ಲಿ ಅವುಗಳನ್ನು ತನ್ನ ಹಳಿಗೆ ಇಳಿಸುತ್ತಿದ್ದ.

ಕಾರ್ಡು ಎಂದರೆ ನಿಮಗೂ ಗೊತ್ತಿರುವ ಆ ಹಳೆಯ ಪದ್ಧತಿಯೇ. ಪ್ರತಿ ವ್ಯಾಗನ್ನಿಗೆ ಒಂದು ಕಾರ್ಡು. ಅದರ ಮೇಲೆ ಒಡೆಯ ರೈಲ್ವೆಯ ಹೆಸರು, ವ್ಯಾಗನ್ ಸಂಖ್ಯೆ, ಬಗೆ. ಕಾರ್ಡಿನ ಜೇಬಿನಲ್ಲಿ ಸರಕು ಎಲ್ಲಿಗೆ ಹೋಗಬೇಕೆಂದು ಹೇಳುವ ವೇಬಿಲ್. ಇದನ್ನು ಡಗ್ ಸ್ಮಿತ್ ಅವರು 1961ರಲ್ಲಿ ಅಮೆರಿಕದ ಹವ್ಯಾಸಿ ಪತ್ರಿಕೆಯೊಂದರಲ್ಲಿ ವಿವರಿಸಿದ್ದರು. ಒಂದೇ ಚೀಟಿಯಲ್ಲಿ ನಾಲ್ಕು ಪಯಣ ಬರೆಯುವ ರೂಪವೂ ಬಳಕೆಗೆ ಬಂತು. ಒಂದು ಪಯಣ ಮುಗಿದರೆ ಚೀಟಿಯ ಮಗ್ಗುಲು ಬದಲಿಸಿ ಜೇಬಿಗೆ ತುರುಕುವುದು, ಅಷ್ಟೇ. ಮುಂದಿನ ಮಗ್ಗುಲು ಹೇಳಿದಲ್ಲಿಗೆ ವ್ಯಾಗನ್ ಹೊರಡುತ್ತದೆ. ಒಬ್ಬನೇ ಆಡುವವನಿಗೆ ಇದಕ್ಕಿಂತ ಸುಖದ ಏರ್ಪಾಡು ಇಲ್ಲ.

ನನಗೆ ದುಬಾರಿಯಾದ ತಪ್ಪು ಇರುವುದು ಇಲ್ಲಿಯೇ. ಸ್ವಲ್ಪ ಉದ್ದವಾಗಿ ಹೇಳುತ್ತೇನೆ, ತಾಳ್ಮೆಯಿಂದ ಓದಿ, ಏಕೆಂದರೆ ನಿಮ್ಮ ಪ್ರಶ್ನೆಯ ಎರಡನೇ ಸಾಲಿನಲ್ಲಿ ಅದೇ ತಪ್ಪು ಹೊಸ ಬಟ್ಟೆ ತೊಟ್ಟು ಕುಳಿತಿದೆ. "ಇಂಟರ್‌ಚೇಂಜ್‌ಗೆ ಹೋದ ವ್ಯಾಗನ್‌ಗಳನ್ನು ಲೆಕ್ಕದಿಂದ ತೆಗೆಯುವುದು ಹೇಗೆ" ಎಂದು ಕೇಳಿದ್ದೀರಿ.

ಗೆಳೆಯನ ಜೊತೆ ಸೇರುವ ಮೊದಲು ನನ್ನ ಇಂಟರ್‌ಚೇಂಜ್ ಹಳಿಯ ಆಚೆ ಏನೂ ಇರಲಿಲ್ಲ. ಅಲ್ಲಿಗೆ ಹೋದ ವ್ಯಾಗನ್ ಲೋಕಕ್ಕೆ ಹೋದಂತೆ. ಪರದೆಯ ಹಿಂದೆ ಗಾಡಿಗಳನ್ನು ಬಚ್ಚಿಡುವ ಸ್ಟೇಜಿಂಗ್ ಯಾರ್ಡಿನ ಹಾಗೆ ಅದಕ್ಕೆ ತಳವೇ ಇಲ್ಲ. ಓಟ ಮುಗಿದ ಮೇಲೆ ನಾನೇ ಕೈಯಿಂದ ಎತ್ತಿ ಬೇರೆ ವ್ಯಾಗನ್ ಇಡುತ್ತಿದ್ದೆ. ಹಾಗಾಗಿ ಕಾಗದ ಹೊತ್ತ ಪ್ರತಿ ಬಾಕ್ಸ್ ವ್ಯಾಗನ್ನಿನ ಚೀಟಿಯಲ್ಲಿ "ತಲುಪಬೇಕಾದ ಜಾಗ: ಇಂಟರ್‌ಚೇಂಜ್" ಎಂದು ಬರೆದಿದ್ದೆ. ಮುಂದಿನ ಮಗ್ಗುಲಲ್ಲಿ "ಖಾಲಿ, ಕಾಗದದ ಗಿರಣಿಗೆ". ಒಂಟಿ ಲೇಔಟಿಗೆ ಇದು ಸರಿಯೇ. ಗೆಳೆಯನೊಂದಿಗೆ ಕೊಂಡಿ ಹಾಕಿದಾಗ ಅವೇ ಚೀಟಿಗಳನ್ನು ಹಾಗೆಯೇ ಕಳುಹಿಸಿಬಿಟ್ಟೆ.

ಈಗ ಅವನ ಕಡೆಯಿಂದ ನೋಡಿ. ಪೆಟ್ಟಿಗೆ ತೆರೆಯುತ್ತಾನೆ. ವ್ಯಾಗನ್‌ಗಳನ್ನು ತನ್ನ ಇಂಟರ್‌ಚೇಂಜ್ ಹಳಿಯ ಮೇಲೆ ಇಳಿಸುತ್ತಾನೆ. ಕಾರ್ಡು ನೋಡುತ್ತಾನೆ: ತಲುಪಬೇಕಾದ ಜಾಗ ಇಂಟರ್‌ಚೇಂಜ್. ವ್ಯಾಗನ್ ಇರುವುದೂ ಇಂಟರ್‌ಚೇಂಜ್‌ನಲ್ಲೇ. ನಿಯಮದ ಪ್ರಕಾರ ಪಯಣ ಮುಗಿಯಿತು. ಚೀಟಿಯ ಮಗ್ಗುಲು ಬದಲಿಸುತ್ತಾನೆ. ಈಗ ಅದು ಖಾಲಿ ವ್ಯಾಗನ್, ನನ್ನ ಗಿರಣಿಗೆ ಮರಳಬೇಕಾದದ್ದು. ಒಂದು ಗೇಣು ದೂರವೂ ಚಲಿಸದೆ, ಬಾಗಿಲೂ ತೆರೆಯದೆ, ಒಳಗಿದ್ದ ಕಾಗದದ ಸುರುಳಿಗಳು ಆವಿಯಾದವು. ಮುದ್ರಣಾಲಯದ ಮುಂದೆ ಅವನ ಹಳಿ ಬರಿದು. ಅವನೋ ನನ್ನ ವ್ಯಾಗನ್‌ಗಳನ್ನು ವಿಧೇಯವಾಗಿ ಪೆಟ್ಟಿಗೆಗೆ ತುಂಬಿ ವಾಪಸ್ ಕಳುಹಿಸಿದ. "ನಿನ್ನ ಕಾಗದ ನಿನಗೇ ಬಂದಿದೆ, ಓದಿಕೋ" ಎಂದು ಫೋನಿನಲ್ಲಿ ನಕ್ಕ. ಆಗ ಇಬ್ಬರೂ ನಕ್ಕೆವು.

ನಗು ನಿಂತದ್ದು ಹೊರಗಿನವರನ್ನು ಕರೆದು ಓಡಿಸಿದ ಸಂಜೆ. ಅಷ್ಟರಲ್ಲಿ ಅವನೂ ತನ್ನ ಟ್ಯಾಂಕ್ ವ್ಯಾಗನ್‌ಗಳಿಗೆ ನನ್ನ ಮಾದರಿಯ ಚೀಟಿಗಳನ್ನೇ ಬರೆದಿದ್ದ. ನನ್ನ ಇಂಟರ್‌ಚೇಂಜ್ ಹಳಿ ಒಂದು ಅಂಗುಲ ಬಿಡದೆ ತುಂಬಿತ್ತು. ಅರ್ಧ ಅವನ ಟ್ಯಾಂಕ್‌ಗಳು, ತಾವು ತಲುಪಿದ್ದೇವೆ ಎನ್ನುತ್ತಿದ್ದವು. ಉಳಿದರ್ಧ ನನ್ನ ಬಾಕ್ಸ್ ವ್ಯಾಗನ್‌ಗಳು, ಅವೂ ತಲುಪಿದ್ದೇವೆ ಎನ್ನುತ್ತಿದ್ದವು. ವ್ಯಾಗನ್‌ಗಳನ್ನು ಹಳಿಯಿಂದ ಹಳಿಗೆ ಸರಿಸುವ ಶಂಟಿಂಗ್ ಎಂಜಿನ್ ಹೊರಗೆ ಇನ್ನೊಂದು ಸಾಲು ಹಿಡಿದು ನಿಂತಿದೆ, ಒಳಗೆ ಇಡಲು ಜಾಗವಿಲ್ಲ. ಅದು ನಿಂತಿರುವುದು ಮುಖ್ಯ ಹಳಿಯ ಮೇಲೆ, ಆದ್ದರಿಂದ ಪ್ರಯಾಣಿಕ ಗಾಡಿಗೂ ದಾರಿಯಿಲ್ಲ. ಗಿರಣಿಯಲ್ಲಿ ತುಂಬಲು ಖಾಲಿ ವ್ಯಾಗನ್ ಇಲ್ಲ, ಏಕೆಂದರೆ ಖಾಲಿ ಆಗಬೇಕಾದವು ಎಲ್ಲೂ ಖಾಲಿಯಾಗಿಲ್ಲ. ಬಂದವರು ಕೈಯಲ್ಲಿ ಕಾರ್ಡು ಹಿಡಿದು ನನ್ನ ಮುಖ ನೋಡಿದರು. ಕೊನೆಗೆ ನಾನೇ ಕೈ ಹಾಕಿ ವ್ಯಾಗನ್‌ಗಳನ್ನು ಎತ್ತಬೇಕಾಯಿತು. ಈ ಹವ್ಯಾಸದಲ್ಲಿ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ಗೆಳೆಯ ತನ್ನ ಟ್ಯಾಂಕ್‌ಗಳನ್ನು ಪೆಟ್ಟಿಗೆಗೆ ಹಾಕಿಕೊಂಡು ಹೋದ. ಬಹಳ ಕಾಲ ನಮ್ಮ ನಡುವೆ ಯಾವ ವ್ಯಾಗನ್ನೂ ಓಡಲಿಲ್ಲ.

ಆ ಬಿಡುವಿನಲ್ಲಿ ನಾನು ನೀವು ಈಗ ಮಾಡಹೊರಟಿರುವುದನ್ನೇ ಮಾಡಿದೆ. ತಪ್ಪು ಕಾಗದದ ಚೀಟಿಗಳದ್ದು ಎಂದು ತೀರ್ಮಾನಿಸಿ ಎಲ್ಲವನ್ನೂ ಜೆಎಂಆರ್‌ಐ ಎಂಬ ಮಾದರಿ ರೈಲಿನ ಪ್ರೋಗ್ರಾಂನಲ್ಲಿ ತುಂಬಿದೆ. ಅದು ಉಚಿತ, ಒಳ್ಳೆಯದು, ಅದರ ಆಪರೇಷನ್ಸ್ ವಿಭಾಗ ಪ್ರತಿ ಗಾಡಿಗೂ ಶಂಟಿಂಗ್ ಪಟ್ಟಿ ಮುದ್ರಿಸಿಕೊಡುತ್ತದೆ. ಆದರೆ ಗೆಳೆಯನ ಇಡೀ ಪಟ್ಟಣವನ್ನು ನಾನು ಅದರಲ್ಲಿ ಒಂದು ಸ್ಟೇಜಿಂಗ್ ಹಳಿಯೆಂದು ದಾಖಲಿಸಿದ್ದೆ, ಉದ್ದವನ್ನು ಮನಸ್ಸಿಗೆ ಬಂದಷ್ಟು ಬರೆದಿದ್ದೆ. ಯಂತ್ರ ನನ್ನ ಮಾತನ್ನು ನಂಬಿತು. ಹಿಡಿಸಲಾರದ ಜಾಗಕ್ಕೆ ಹೋಗುವ ವ್ಯಾಗನ್‌ಗಳ ಪಟ್ಟಿಯನ್ನು ಈಗ ಅಂದವಾಗಿ ಮುದ್ರಿಸಿಕೊಟ್ಟಿತು. ಮೊದಲು ಕೆಟ್ಟ ಕೈಬರಹದಲ್ಲಿದ್ದ ಎಡವಟ್ಟು ಅಚ್ಚುಕಟ್ಟಾದ ಅಕ್ಷರಗಳಲ್ಲಿ ಬಂತು.

ಹಾಗಾಗಿ "ಲೆಕ್ಕದಿಂದ ತೆಗೆಯುವುದು ಹೇಗೆ" ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ತೆಗೆಯಬೇಡಿ. ನಿಜವಾದ ರೈಲ್ವೆಗಳು ಇಂಟರ್‌ಚೇಂಜ್‌ಗೆ ಸರಕು ಬುಕ್ ಮಾಡುವುದಿಲ್ಲ. ವೇಬಿಲ್‌ನಲ್ಲಿ ಕಳುಹಿಸಿದವರು, ಸರಕು, ಪಡೆಯುವವರು, ಮತ್ತು ಯಾವ ಯಾವ ರೈಲ್ವೆಯ ಮೇಲೆ ಯಾವ ಜಂಕ್ಷನ್ ಮೂಲಕ ಹೋಗಬೇಕೆಂಬ ಮಾರ್ಗ ಇರುತ್ತದೆ. ಜಂಕ್ಷನ್ ಇರುವುದು ಮಾರ್ಗದ ಸಾಲಿನಲ್ಲಿ. ನಾವು ಮತ್ತೆ ಸೇರಿದಾಗ ಗೆಳೆಯನೇ ಹೊಸ ಚೀಟಿ ಬರೆದು ತಂದಿದ್ದ: "ಕಾಗದ, ಸುರುಳಿ. ಮುದ್ರಣಾಲಯ, 2ನೇ ಬಾಗಿಲು. ಮಾರ್ಗ: ಜಂಕ್ಷನ್." ಪೆನ್ಸಿಲ್ ಬರಹ, ಮೂಲೆಯಲ್ಲಿ ಮಗ್ಗುಲಿನ ಸಂಖ್ಯೆಗೆ ಸುತ್ತು ಹಾಕಿದ್ದ. ಆ ಸಾಲಿನಲ್ಲಿ ಎಲ್ಲವೂ ಇತ್ತು. ನನ್ನ ಮನೆಯಲ್ಲಿ ಗಿರಣಿಯಿಂದ ಎಳೆಯುವವನಿಗೆ ಜಂಕ್ಷನ್ ಸಾಕು, ಅವನ ಮನೆಯಲ್ಲಿ ತಳ್ಳುವವನಿಗೆ ಬಾಗಿಲು ಗೊತ್ತು.

ಅಲ್ಲಿಂದ ಈ ನಿಯಮ ಹುಟ್ಟಿತು: ಚೀಟಿಯಲ್ಲಿ ಹೆಸರಿಸಿದ ಬಾಗಿಲು ಯಾರ ಲೇಔಟಿನಲ್ಲಿದೆಯೋ ಅವರು ಮಾತ್ರ ಮಗ್ಗುಲು ಬದಲಿಸಬೇಕು, ಅದೂ ವ್ಯಾಗನ್ ಆ ಬಾಗಿಲ ಮುಂದೆ ನಿಂತು ಓಟ ಮುಗಿದ ಮೇಲೆ. ಪೆಟ್ಟಿಗೆ ತೆರೆದಾಗ ಚೀಟಿ ಮುಟ್ಟುವಂತಿಲ್ಲ. ಯುರೋಪಿನಲ್ಲಿ 1981ರಿಂದ ಇರುವ ಫ್ರೆಮೊ ಬಳಗದವರು ಬೇರೆ ಬೇರೆಯವರು ತಂದ ಮಾಡ್ಯೂಲ್‌ಗಳನ್ನು, ಅಂದರೆ ಲೇಔಟಿನ ತುಂಡುಗಳನ್ನು, ಜೋಡಿಸಿ ಓಡಿಸುವಾಗ ವ್ಯಾಗನ್ನಿಗೆ ಒಂದು ಕಾರ್ಡು, ಸರಕಿಗೆ ಬೇರೆ ಚೀಟಿ ಎಂದು ಬಳಸುತ್ತಾರೆ. ನಾಲ್ಕು ಮಗ್ಗುಲಿನ ಚೀಟಿಗಿಂತ ಇದು ನನಗೆ ಹೆಚ್ಚು ಹಿಡಿಸಿದೆ. ಸರಕು ಇಳಿದ ಮೇಲೆ ಚೀಟಿ ತೆಗೆದಿಟ್ಟರಾಯಿತು, ಬರಿಯ ಕಾರ್ಡು ಉಳಿಯುತ್ತದೆ, ವ್ಯಾಗನ್ ಖಾಲಿ ಎಂದು ಕಣ್ಣಿಗೇ ಕಾಣುತ್ತದೆ.

ಖಾಲಿ ವ್ಯಾಗನ್ನಿನ ಬಗ್ಗೆ ಉತ್ತರ ಅಮೆರಿಕದ ರೈಲ್ವೆಗಳ ಪದ್ಧತಿಯನ್ನೇ ಎತ್ತಿಕೊಳ್ಳಿ. ಪರರ ವ್ಯಾಗನ್ ಖಾಲಿಯಾದರೆ ಅದರ ಒಡೆಯನ ದಿಕ್ಕಿಗೆ ಹೋಗುವ ಸರಕು ಇದ್ದರೆ ತುಂಬಿ. ಇಲ್ಲವಾದರೆ ಖಾಲಿಯಾಗಿಯೇ ಮನೆಗೆ ಕಳುಹಿಸಿ. ಅಲ್ಲಿ 1902ರಿಂದ ಪರರ ವ್ಯಾಗನ್ ಇಟ್ಟುಕೊಂಡದ್ದಕ್ಕೆ ದಿನಬಾಡಿಗೆ ಕೊಡುವ ಪದ್ಧತಿ ಬಂತು. ಆಗ ಮಧ್ಯರಾತ್ರಿಗೆ ವ್ಯಾಗನ್ ಯಾರ ಹಳಿಯ ಮೇಲಿರುತ್ತಿತ್ತೋ ಅವರೇ ತೆರಬೇಕಿತ್ತು. ಗಂಟೆ ಹನ್ನೆರಡಾಗುವ ಮೊದಲು ಪಕ್ಕದವರ ಹಳಿಗೆ ದಬ್ಬಿಬಿಡುವ ಆತುರ ಎಲ್ಲರಿಗೂ ಇತ್ತು. ನಾವು ಅದನ್ನು ಆಟವಾಗಿ ಮಾಡಿಕೊಂಡಿದ್ದೇವೆ: ಓಟ ಮುಗಿದಾಗ ನಿಮ್ಮಲ್ಲಿ ಉಳಿದ ಪರರ ವ್ಯಾಗನ್ ಒಂದಕ್ಕೆ ಒಂದು ಗೀಟು. ಗೆಳೆಯನಿಗೆ ಗೀಟು ಕಂಡರೆ ಆಗದು, ಅವನ ಅಂಗಳ ಈಗ ಸದಾ ಚೊಕ್ಕಟ.

ಇನ್ನು 200 ವ್ಯಾಗನ್. ಇದು ಹೆಮ್ಮೆಯ ಸಂಖ್ಯೆ, ಓಟದ ಸಂಖ್ಯೆಯಲ್ಲ. ಎರಡೂ ಲೇಔಟಿನ ಸೈಡಿಂಗ್‌ಗಳು (ವ್ಯಾಗನ್ ನಿಲ್ಲಿಸುವ ಪಕ್ಕದ ಹಳಿಗಳು), ಯಾರ್ಡ್, ಇಂಟರ್‌ಚೇಂಜ್ ಎಲ್ಲ ಸೇರಿ ಎಷ್ಟು ವ್ಯಾಗನ್ ಹಿಡಿಸುತ್ತದೆ ಎಂದು ನೀವು ಬರೆದಿಲ್ಲ. ಬರೆಯದಿರುವುದೇ ನನಗೆ ಅನುಮಾನ. ಹಿಡಿಸುವುದರಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ತುಂಬಿದರೆ ಆಟ ಚೆನ್ನ. ಮೂರರಲ್ಲಿ ಎರಡು ಭಾಗ ದಾಟಿದರೆ ಶಂಟಿಂಗ್ ಮಾಡಲು ಉಸಿರಾಡುವ ಜಾಗ ಇರುವುದಿಲ್ಲ. ಉಳಿದವು ಕಪಾಟಿನಲ್ಲಿ ಇರಲಿ. ಎಷ್ಟು ಕಳುಹಿಸಬೇಕೆಂದು ಪಡೆಯುವವರು ಹೇಳಬೇಕು, ಕಳುಹಿಸುವವರಲ್ಲ. ನನ್ನ ಗೆಳೆಯ ಓಟಕ್ಕೆ ಮುಂಚೆ "5" ಎಂದಷ್ಟೇ ಸಂದೇಶ ಕಳುಹಿಸುತ್ತಾನೆ. ನಾನು 5 ಕಳುಹಿಸುತ್ತೇನೆ, 5 ತರುತ್ತೇನೆ. 8 ಹಿಡಿಸುವ ಹಳಿಯಲ್ಲಿ 8 ಇಡುವುದು ಬುದ್ಧಿವಂತಿಕೆಯಲ್ಲ. ಜಾಗವಿದ್ದರೆ ಬರುವುದಕ್ಕೊಂದು, ಹೋಗುವುದಕ್ಕೊಂದು ಎಂದು ಎರಡು ಹಳಿ ಹಾಕಿ. ಉಳಿದ ಯಾವ ಸುಧಾರಣೆಗಿಂತಲೂ ಅದೇ ಹೆಚ್ಚು ಫಲ ಕೊಡುತ್ತದೆ.

ಎರಡೂ ಮನೆಯ ವೇಗದ ಗಡಿಯಾರಗಳನ್ನು, ಅಂದರೆ ಆಟಕ್ಕಾಗಿ ನಿಜದ ಹೊತ್ತಿಗಿಂತ ಬೇಗ ಓಡುವ ಗಡಿಯಾರಗಳನ್ನು, ಇಂಟರ್‌ನೆಟ್‌ನಲ್ಲಿ ಹೊಂದಿಸಿ ಒಂದೇ ಹೊತ್ತಿಗೆ ಓಡಿಸುವ ಯೋಚನೆ ಬಿಟ್ಟುಬಿಡಿ. ವ್ಯಾಗನ್ ಪೆಟ್ಟಿಗೆಯಲ್ಲಿ ಕಳೆದ ಹೊತ್ತು ದೂರದ ಪ್ರಯಾಣದ ಹೊತ್ತು ಎಂದುಕೊಂಡರೆ ಮುಗಿಯಿತು. ಒಬ್ಬರ ಓಟ, ಪೆಟ್ಟಿಗೆ, ಆಮೇಲೆ ಇನ್ನೊಬ್ಬರ ಓಟ. ಎಂಜಿನ್‌ಗಳನ್ನೂ ಒಯ್ಯಬೇಡಿ. ಎಂಜಿನ್ನೊಳಗೆ ಕೂತು ಆಜ್ಞೆ ಪಾಲಿಸುವ ಹೊಸ ಡಿಸಿಸಿ ಡಿಕೋಡರ್ ವಿಳಾಸ 3 ಹೊತ್ತೇ ಬರುತ್ತದೆ. ಬದಲಿಸಲು ಮರೆತ ಎರಡು ಎಂಜಿನ್ ಒಂದೇ ಲೇಔಟಿನಲ್ಲಿ ಸೇರಿದರೆ ಒಂದಕ್ಕೆ ಕೊಟ್ಟ ಆಜ್ಞೆಗೆ ಎರಡೂ ಓಡುತ್ತವೆ.

ಪೆಟ್ಟಿಗೆ ತೆರೆದವರು ಹಳಿಗೆ ಇಳಿಸುವ ಮೊದಲು ತಪಾಸಣೆ ಮಾಡಬೇಕು. ಇದು ಸ್ನೇಹಕ್ಕೆ ಸಂಬಂಧಿಸಿದ ವಿಷಯವಲ್ಲ, ನಿಜವಾದ ಇಂಟರ್‌ಚೇಂಜ್‌ನಲ್ಲೂ ಪರೀಕ್ಷಕರು ವ್ಯಾಗನ್ ನಿರಾಕರಿಸುತ್ತಾರೆ. ಚಕ್ರಗಳ ಅಂತರ ನೋಡಲು ಅಮೆರಿಕದ ಮಾದರಿ ರೈಲು ಸಂಘವಾದ ಎನ್‌ಎಂಆರ್‌ಎ ಗೇಜ್, ವ್ಯಾಗನ್‌ಗಳನ್ನು ಕೂಡಿಸುವ ಕಪ್ಲರ್‌ನ ಎತ್ತರಕ್ಕೆ ಕೇಡಿ ಕಂಪನಿಯ ಗೇಜ್. ತೂಕಕ್ಕೆ ಎನ್‌ಎಂಆರ್‌ಎ ಶಿಫಾರಸು ಇದೆ. ಎಚ್‌ಒದಲ್ಲಿ 15 ಸೆಂಟಿಮೀಟರ್ ಉದ್ದದ ವ್ಯಾಗನ್ ಸುಮಾರು 113 ಗ್ರಾಂ ತೂಗಬೇಕು. ನನ್ನ ಹಗುರವಾದ ವ್ಯಾಗನ್ ನನ್ನ ಸಮತಟ್ಟಾದ ಹಳಿಯಲ್ಲಿ ಸುಮ್ಮನಿರುತ್ತದೆ, ಗೆಳೆಯನ ತಿರುವಿನಲ್ಲಿ ಉರುಳುತ್ತದೆ. ಅವನ ಟ್ಯಾಂಕ್ ಒಂದು ಹಳಿ ಕವಲೊಡೆಯುವ ನನ್ನ ಒಂದೇ ಪಾಯಿಂಟ್‌ನಲ್ಲಿ ಮತ್ತೆ ಮತ್ತೆ ನೆಗೆಯುತ್ತಿತ್ತು. ಹಳಿಯನ್ನು ಬೈದು, ಪಾಯಿಂಟ್ ಕಿತ್ತು ಮತ್ತೆ ಜೋಡಿಸಿ, ಕೊನೆಗೆ ವ್ಯಾಗನ್ ಮಗುಚಿ ನೋಡಿದರೆ ಕಪ್ಲರ್‌ನ ಕೆಳಗೆ ಬಾಗಿರುವ ಉಕ್ಕಿನ ತಂತಿ, ಆಯಸ್ಕಾಂತ ಸೆಳೆಯುವುದಕ್ಕೆ ಇರುವುದು, ಕೂದಲೆಳೆಯಷ್ಟು ಜೋತಿತ್ತು. ಅವನ ಹಳಿಯಲ್ಲಿ ಅದಕ್ಕೆ ತಾಗುವಂಥದ್ದು ಏನೂ ಇರಲಿಲ್ಲ. ಇಂಥವಕ್ಕೆ "ರಿಪೇರಿ" ಎಂದು ಕೆಂಪು ಚೀಟಿ ಸಿಕ್ಕಿಸಿ ಪೆಟ್ಟಿಗೆಯಲ್ಲೇ ಬಿಡಿ. ಒಡೆಯನ ಅನುಮತಿಯಿಲ್ಲದೆ ಇಕ್ಕಳ ಹಿಡಿಯಬೇಡಿ, ಅದು ಬೇರೆಯೇ ಜಗಳ.

ನಿಮ್ಮಿಬ್ಬರಿಗೂ ಬೇಕಾದ ಒಂದೇ ಸರಕು ಹುಡುಕಿ, ತಲಾ ಹತ್ತು ವ್ಯಾಗನ್‌ಗಳಿಂದ ಶುರು ಮಾಡಿ. ಕಾಗದದ ಚೀಟಿಯಲ್ಲಿ ಅವು ತಪ್ಪದೆ ಹೋಗಿ ಬರತೊಡಗಿದ ಮೇಲೆ ಜೆಎಂಆರ್‌ಐ ಬೇಕೆನಿಸಿದರೆ ಹಾಕಿಕೊಳ್ಳಿ, ಆದರೆ ಗೆಳೆಯರ ಲೇಔಟನ್ನು ಒಂದು ಹಳಿಯೆಂದು ದಾಖಲಿಸದೆ ಬಾಗಿಲು ಬಾಗಿಲಾಗಿ ತುಂಬಿ. ಅದಕ್ಕೆ ಅವರ ಸೈಡಿಂಗ್‌ಗಳ ಪಟ್ಟಿ, ಪ್ರತಿಯೊಂದರ ಉದ್ದದ ಸಮೇತ, ನಿಮ್ಮ ಕೈಯಲ್ಲಿರಬೇಕು. ಆ ಪಟ್ಟಿ ಬಂದ ಮೇಲೆ ಇಲ್ಲಿ ಹಾಕಿದರೆ ಎಷ್ಟು ವ್ಯಾಗನ್ ತಾಳುತ್ತದೆ ಎಂದು ನೋಡಿ ಹೇಳುತ್ತೇನೆ.